ಕ್ಲಚ್ಚಿನ ಮೇಲಿನ ಕಾಲು

ದೀಪಾವಳಿಯ ಆಸುಪಾಸಿನಲ್ಲಿ ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ರಸ್ತೆಗಳಿಗೆ ರಾತ್ರಿಯ ನಿದ್ರೆ ಇರುವುದಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ದಂಡೆಯ ಹೊಲಗಳಿಂದ ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಸಾಲಾಗಿ ಕಾರ್ಖಾನೆಗಳತ್ತ ಸಾಗುತ್ತವೆ. 1939ರಲ್ಲಿ ಉಗಾರದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಕಾಲದಲ್ಲಿ ಕಬ್ಬು ಹೊರುವ ಕೆಲಸ ಎತ್ತುಗಳದ್ದಾಗಿತ್ತು. ಇಂದಿಗೂ ಟಯರಿನ ಎತ್ತಿನಗಾಡಿಗಳು ಅಲ್ಲಲ್ಲಿ ಕಾಣಸಿಗುತ್ತವೆಯಾದರೂ ಹೊರೆಯ ಬಹುಭಾಗ ಟ್ರ್ಯಾಕ್ಟರಿನ ಪಾಲಿಗೆ ಬಂದಿದೆ. ಬೆಳಗಿನ ಬಲಿಪೂಜೆಗೆಂದು ನಸುಕಿನಲ್ಲಿ ಉಪಕೇಂದ್ರಗಳಿಗೆ ಹೋಗುವ ನನ್ನಂಥವರಿಗೆ ಮಂಜಿನ ನಡುವೆ ಮೊದಲು ಕಾಣುವುದು ರಸ್ತೆಯ ಅರ್ಧವನ್ನು ಆಕ್ರಮಿಸಿಕೊಂಡ ಕಬ್ಬಿನ ಗುಡ್ಡ. ಆಮೇಲೆ, ಅದರ ಮುಂದೆ ಎಲ್ಲೋ ಏದುಸಿರು ಬಿಡುತ್ತಿರುವ ಒಂದು ಪುಟ್ಟ ಯಂತ್ರ.

ಈ ಪ್ರಯಾಣದಲ್ಲಿ ಅತ್ಯಂತ ಕಠಿಣವಾದುದು ಯಾವುದೆಂದು ಚಾಲಕರನ್ನು ಕೇಳಿದರೆ ಅವರು ಓಡಿಸುವುದನ್ನು ಹೇಳುವುದಿಲ್ಲ, ಹೊರಡಿಸುವುದನ್ನು ಹೇಳುತ್ತಾರೆ. ಒಂದೊಂದು ಟ್ರೇಲರಿನಲ್ಲಿ ಹತ್ತು ಟನ್ನಿನ ಆಸುಪಾಸು ಕಬ್ಬು. ಎರಡೂ ಸೇರಿ ಟ್ರ್ಯಾಕ್ಟರಿನ ಸ್ವಂತ ತೂಕದ ಹಲವು ಪಟ್ಟು. ನೀರುಂಡ ಎರೆಮಣ್ಣಿನ ಹೊಲದಿಂದ ಡಾಂಬರು ರಸ್ತೆಗೆ ಏರುವ ಆ ನಾಲ್ಕು ಮಾರು ದೂರ, ಕಾರ್ಖಾನೆಯ ತೂಕದ ಕಟ್ಟೆಯ ಮುಂದಿನ ಸರದಿಯಲ್ಲಿ ನಿಂತು ನಿಂತು ಮುಂದೆ ಸರಿಯುವ ಹೊತ್ತು, ನಿಪ್ಪಾಣಿಯ ಬಳಿಯ ತವಂದಿ ಘಾಟಿನಂಥ ಏರಿನಲ್ಲಿ ಮುಂದಿನ ಲಾರಿ ನಿಂತಿತೆಂದು ತಾನೂ ನಿಲ್ಲಬೇಕಾಗಿ ಬಂದ ಗಳಿಗೆ: ಯಂತ್ರಕ್ಕೂ ಮನುಷ್ಯನಿಗೂ ನಿಜವಾದ ಪರೀಕ್ಷೆ ಅಲ್ಲಿಯೇ.

ಗುರುಮಠದಲ್ಲಿ ನಾವು ತತ್ವಶಾಸ್ತ್ರ ಓದುತ್ತಿದ್ದ ಕಾಲದಲ್ಲಿ ಅಲ್ಲಿನ ಹಳೆಯ ಜೀಪಿನ ಉಸ್ತುವಾರಿ ಹೊತ್ತ ವೃದ್ಧ ಸಹೋದರರೊಬ್ಬರಿದ್ದರು. ವಾಹನ ಕಲಿಯಲು ಹೋದವರಿಗೆ ಅವರು ಹೇಳಿಕೊಡುತ್ತಿದ್ದುದು ಒಂದೇ ಪಾಠ: ಕ್ಲಚ್ಚಿನಿಂದ ಕಾಲನ್ನು ಬಿಡಬಾರದು, ಬಿಟ್ಟುಕೊಡಬೇಕು. ಬಿಡುವುದಕ್ಕೂ ಬಿಟ್ಟುಕೊಡುವುದಕ್ಕೂ ಇರುವ ವ್ಯತ್ಯಾಸವೇನೆಂಬುದು ಜೀಪು ಮೂರು ಸಲ ಜಿಗಿದು ನಿಂತ ಮೇಲೆ ನಮಗೆ ತಿಳಿಯುತ್ತಿತ್ತು.

ನಮ್ಮ ಧರ್ಮಕೇಂದ್ರಗಳಲ್ಲಿ ಹೊಸ ವಾಹನ ಬಂದರೆ ಗುರುಗಳಿಂದ ಪ್ರಾರ್ಥನೆ ಮಾಡಿಸಿ ತೀರ್ಥ ಪ್ರೋಕ್ಷಣೆ ಮಾಡಿಸುವ ಪದ್ಧತಿ ಇದೆ. ಹಂಗಾಮಿಗೆ ಮುಂಚೆ ಹಳೆಯ ಟ್ರ್ಯಾಕ್ಟರುಗಳೂ ಬರುತ್ತವೆ. ಕಳೆದ ಕೆಲವು ವರ್ಷಗಳಿಂದ ಮಂತ್ರಕ್ಕೆ ಮುನ್ನ ನಾನೊಂದು ಪ್ರಶ್ನೆ ಕೇಳುವುದನ್ನು ರೂಢಿಸಿಕೊಂಡಿದ್ದೇನೆ: “ಇದರಾಗ ಏನೇನು ಬದಲು ಮಾಡಿಸೀಯಪ್ಪಾ?” ಉತ್ತರ ಬೇಗ ಬರುವುದಿಲ್ಲ. ಗ್ಯಾರೇಜಿನ ಮಿಸ್ತ್ರಿಯ ಮುಂದೆ ನಿಸ್ಸಂಕೋಚವಾಗಿ ಹೇಳುವುದನ್ನು ಗುರುವಿನ ಮುಂದೆ ಹೇಳಲು ನಮ್ಮ ಜನ ಏಕೆ ಹಿಂಜರಿಯುತ್ತಾರೋ! ಕೊನೆಗೆ ಒಂದೊಂದಾಗಿ ಹೊರಬರುತ್ತದೆ. ಡೀಸೆಲ್ ಪಂಪಿನ ಸೀಲು ಒಡೆದು ಸ್ಕ್ರೂ ತಿರುಗಿಸಿ ‘ಪಂಪ್ ಏರಿಸಿದ್ದು’. ಕಂಪನಿಯ ಕ್ಲಚ್ ಪ್ಲೇಟು ತೆಗೆದು ಇನ್ನೂ ಗಟ್ಟಿ ಹಿಡಿಯುವ ಪ್ಲೇಟು ಕೂಡಿಸಿದ್ದು. ಮುಂದಿನ ಚಕ್ರ ಏಳದಿರಲೆಂದು ಬಂಪರಿಗೆ ಕಲ್ಲೋ ಮರಳಿನ ಚೀಲವೋ ಕಟ್ಟಿದ್ದು. ಹಿಂದಿನ ಚಕ್ರಕ್ಕೆ ಹಿಡಿತ ಹೆಚ್ಚಲೆಂದು ಟ್ರೇಲರಿನ ಕೊಂಡಿಯನ್ನು ಮೇಲಕ್ಕೆ ಏರಿಸಿದ್ದು. ಜೊತೆಗೆ, ಕೇಳುವುದೇ ಬೇಡ, ಇಡೀ ಊರಿಗೆ ಕೇಳಿಸುವ ಸ್ಪೀಕರುಗಳು.

ಸ್ಪೀಕರುಗಳನ್ನು ಬಿಡೋಣ. ಮಿಕ್ಕವು ಒಂದಕ್ಕೊಂದು ಹೆಣೆದುಕೊಂಡಿವೆ. ಅವುಗಳ ಒಳಗುಟ್ಟನ್ನು ತಾಯಂದಿರೂ ತಿಳಿದಿರುವುದು ಒಳ್ಳೆಯದು.

ಟ್ರ್ಯಾಕ್ಟರಿನ ಎಂಜಿನ್ನಿಗೆ ಕಂಪನಿಯವರು ಒಂದು ಗರಿಷ್ಠ ಮಿತಿಯನ್ನು ಗೊತ್ತುಪಡಿಸಿರುತ್ತಾರೆ. ನಿಮಿಷಕ್ಕೆ ಸುಮಾರು ಎರಡು ಸಾವಿರ ಸುತ್ತುಗಳ ಆಸುಪಾಸಿನಲ್ಲಿ ಅದರ ಪೂರ್ಣ ಶಕ್ತಿ ದೊರೆಯುತ್ತದೆ. ಅದಕ್ಕಿಂತ ಬಹಳ ಮೇಲೆ ಹೋಗದಂತೆ ಪಂಪಿನೊಳಗಿನ ಗವರ್ನರ್ ಡೀಸೆಲನ್ನು ತಡೆಯುತ್ತದೆ. ಆ ಸ್ಕ್ರೂವಿಗೆ ಸೀಲು ಹಾಕಿರುವುದು ಅಲಂಕಾರಕ್ಕಲ್ಲ. ಎಂಜಿನ್ನಿನ ಹಿಂಬದಿಯಲ್ಲಿ ಸುತ್ತುವ ದಪ್ಪ ಕಬ್ಬಿಣದ ಫ್ಲೈವೀಲಿನಲ್ಲಿ ಶೇಖರವಾಗುವ ಶಕ್ತಿಯು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಸುತ್ತು ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. 2200 ಸುತ್ತಿನ ಮಿತಿಯನ್ನು 2600ಕ್ಕೆ ಏರಿಸಿದವನು ವೇಗವನ್ನು ಸ್ವಲ್ಪವೇ ಹೆಚ್ಚಿಸಿದೆನೆಂದು ತಿಳಿಯುತ್ತಾನೆ. ಆದರೆ ಆ ಚಕ್ರದಲ್ಲಿ ಕಾದು ಕುಳಿತ ಶಕ್ತಿ ನೂರಕ್ಕೆ ನಲವತ್ತರಷ್ಟು ಹೆಚ್ಚಿರುತ್ತದೆ. ಕಾಲನ್ನು ಕ್ಲಚ್ಚಿನಿಂದ ಒಮ್ಮೆಲೇ ಎತ್ತಿದಾಗ ಅದೆಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಹಿಂದಕ್ಕೆ ಹರಿಯಬೇಕು. ಹಿಂದೆ ಇಪ್ಪತ್ತು ಟನ್ ಕಬ್ಬು ಕದಲದೆ ನಿಂತಿದೆ. ನಡುವೆ ಸಿಕ್ಕಿಕೊಂಡಿರುವುದು ಕ್ಲಚ್ ಪ್ಲೇಟು, ಗೇರ್‌ಬಾಕ್ಸಿನ ಹಲ್ಲುಗಳು, ಕ್ರೌನ್ ಮತ್ತು ಪಿನಿಯನ್, ಬುಲ್ ಗೇರ್, ಹಿಂದಿನ ಆಕ್ಸಲ್. ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಿರುಚುಬಲ ಹತ್ತಾರು ಪಟ್ಟು ಹೆಚ್ಚಿಯೇ ಚಕ್ರವನ್ನು ತಲುಪುವುದರಿಂದ ಈ ಕೊನೆಯ ಅಂಗಗಳ ಮೇಲೆ ಬೀಳುವ ಪೆಟ್ಟು ಸಾಮಾನ್ಯವಾದುದಲ್ಲ.

ಇಲ್ಲಿ ಕ್ಲಚ್ಚಿನ ಗುಣವನ್ನು ಗಮನಿಸಬೇಕು. ಅದು ಜಾರುತ್ತದೆ. ಜಾರುವುದೇ ಅದರ ಸೇವೆ. ಮನೆಯ ವಿದ್ಯುತ್ತಿನಲ್ಲಿ ಫ್ಯೂಜ್ ತಂತಿ ತಾನು ಸುಟ್ಟುಕೊಂಡು ಮನೆಯನ್ನು ಉಳಿಸುವಂತೆ, ಮಿತಿಮೀರಿದ ಪೆಟ್ಟನ್ನು ಕ್ಲಚ್ ಪ್ಲೇಟು ತಾನು ಸವೆದು ನುಂಗಿಕೊಳ್ಳುತ್ತದೆ. ಪ್ಲೇಟು ಸುಟ್ಟ ವಾಸನೆ ಬಂದಾಗ ನಾವು ಅದನ್ನು ಬಯ್ಯುತ್ತೇವೆ. ಅದು ತನ್ನ ಕೆಲಸ ಮಾಡಿದೆ ಅಷ್ಟೇ. ಅದನ್ನು ತೆಗೆದು ಜಾರದಂಥ ಪ್ಲೇಟನ್ನು ಹಾಕಿದರೆ ಪೆಟ್ಟು ಇಲ್ಲದಾಗುವುದಿಲ್ಲ, ಮುಂದಿನ ಮನೆಗೆ ಹೋಗುತ್ತದೆ. ಗೇರಿನ ಹಲ್ಲು ಮುರಿಯುತ್ತದೆ. ಗೇರನ್ನೂ ಗಟ್ಟಿ ಮಾಡಿದರೆ ಕ್ರೌನ್-ಪಿನಿಯನ್. ಅದೂ ತಡೆದರೆ ಆಕ್ಸಲ್. ಫ್ಯೂಜಿನ ಜಾಗಕ್ಕೆ ದಪ್ಪ ತಂತಿ ಸುತ್ತಿ ದೀಪ ಉರಿಯಿತೆಂದು ಸಂತೋಷಪಡುವವರನ್ನು ನಾವೆಲ್ಲ ಕಂಡಿದ್ದೇವಲ್ಲವೇ? ಪ್ಲೇಟಿನ ಖರ್ಚಿಗೆ ಒಂದು ವಾರದ ಬಾಡಿಗೆ ಸಾಕಾದೀತು. ಹಂಗಾಮಿನ ನಡುವೆ ಹಿಂಬದಿಯ ಹೌಸಿಂಗ್ ಬಿಚ್ಚಬೇಕಾಗಿ ಬಂದರೆ ಆ ವರ್ಷದ ಕಂತು ಮುಗಿದಂತೆಯೇ.

ಇದು ನಮ್ಮ ಹಳ್ಳಿಗಳ ಬುದ್ಧಿಗೇಡಿತನ ಮಾತ್ರ ಎಂದು ಯಾರೂ ಭಾವಿಸಬಾರದು. ಸಿರಿವಂತ ದೇಶಗಳಲ್ಲಿ ಕ್ರೀಡಾಕಾರುಗಳನ್ನು ಕೊಳ್ಳುವವರ ಹಂಬಲವೂ ಇದೇ: ನಿಂತಲ್ಲಿಂದ ಬಾಣದಂತೆ ಹೊರಡಬೇಕು. ಗೇರನ್ನು ಕೈಯಿಂದ ಹಾಕುವ ಕಾರುಗಳಲ್ಲೂ ಹೊರಡುವಾಗ ಎಂಜಿನ್ನು ಇಷ್ಟೇ ಸುತ್ತಿಗೆ ಏರಬೇಕೆಂದು ಈಗ ಕಂಪ್ಯೂಟರಿನಲ್ಲಿ ಮಿತಿ ಬರೆದಿಡುತ್ತಾರೆ. ಆ ಮಿತಿಯನ್ನು ಅಳಿಸಿಕೊಡುವ ಮಿಸ್ತ್ರಿಗಳೂ ಇದ್ದಾರೆ. 2008ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ನಿಸ್ಸಾನ್ ಜಿಟಿ-ಆರ್ ಎಂಬ ಕಾರನ್ನು ಕೆಲವರು ಸುರಕ್ಷತೆಯ ನಿಯಂತ್ರಣವನ್ನು ಆರಿಸಿ ಹಾಗೆ ಹೊರಡಿಸಿದಾಗ ಗೇರ್‌ಬಾಕ್ಸುಗಳು ಮುರಿದವು. ಖಾತರಿಯ ಬಗ್ಗೆ ದೊಡ್ಡ ಜಗಳವೇ ನಡೆಯಿತು. ಮುಂದೆ ಕಂಪನಿಯು ಅದರ ತಂತ್ರಾಂಶವನ್ನೇ ಬದಲಾಯಿಸಿ, ಇನ್ನೂ ಕಡಿಮೆ ಸುತ್ತಿನಲ್ಲಿ ಹೊರಡುವಂತೆ ಮಾಡಿತು. ಅಲ್ಲಿ ಮುರಿದದ್ದು ಸಿರಿವಂತರ ಆಟಿಕೆ. ಇಲ್ಲಿ ಮುರಿಯುವುದು ಸಾಲದ ಮೇಲೆ ತಂದ ಅನ್ನದ ದಾರಿ.

ಯಂತ್ರ ಮುರಿದರೆ ಮತ್ತೊಂದು ತರಬಹುದು. ನನ್ನನ್ನು ನಿಜವಾಗಿ ಕಾಡುವುದು ಮುಂದಿನ ಚಕ್ರ ಏಳುವ ವಿಷಯ. ಹಿಂದಿನ ಚಕ್ರಗಳು ನೆಲವನ್ನು ಹಿಡಿದು, ಹೊರೆಯೂ ಕದಲದೆ, ಕ್ಲಚ್ಚೂ ಜಾರದೆ ಹೋದರೆ ಆಕ್ಸಲಿನ ಸುತ್ತ ತಿರುಗಲು ಉಳಿಯುವುದು ಒಂದೇ ವಸ್ತು: ಟ್ರ್ಯಾಕ್ಟರಿನ ದೇಹ. ಮೂತಿ ಮೇಲೇಳುತ್ತದೆ. ಕೊಂಡಿಯು ಆಕ್ಸಲಿಗಿಂತ ಕೆಳಗಿದ್ದರೆ ಮೂತಿ ಎದ್ದಂತೆಲ್ಲ ಕೊಂಡಿ ಇನ್ನೂ ಕೆಳಗಿಳಿದು ಎತ್ತುವ ಬಲ ಕುಗ್ಗುತ್ತದೆ. ಯಂತ್ರ ತನ್ನನ್ನು ತಾನೇ ಸಾವರಿಸಿಕೊಳ್ಳುತ್ತದೆ. ಕೊಂಡಿಯನ್ನು ಮೇಲೇರಿಸಿದವನು ಈ ಕಾವಲನ್ನು ತನ್ನ ಕೈಯಾರೆ ತೆಗೆದುಹಾಕಿರುತ್ತಾನೆ. ಟ್ರ್ಯಾಕ್ಟರ್ ಸುರಕ್ಷತೆಯನ್ನು ಕಲಿಸುವವರು ಹೇಳುವ ಲೆಕ್ಕ ಭಯ ಹುಟ್ಟಿಸುವಂಥದು: ಮೂತಿ ಎದ್ದು ಪೂರ್ತಿ ಹಿಂದಕ್ಕೆ ಮಗುಚಿ ಬೀಳಲು ಒಂದೂವರೆ ಸೆಕೆಂಡು ಸಾಕು, ಅದರ ಅರ್ಧದಷ್ಟು ಹೊತ್ತಿನಲ್ಲಿಯೇ, ಅಂದರೆ ಮುಕ್ಕಾಲು ಸೆಕೆಂಡಿನಲ್ಲಿ, ಮತ್ತೆ ಹಿಂತಿರುಗಿಸಲಾಗದ ಹಂತ ದಾಟಿಹೋಗುತ್ತದೆ. ಏನಾಯಿತೆಂದು ಮನಸ್ಸಿಗೆ ತಿಳಿದು ಕಾಲು ಕ್ಲಚ್ಚನ್ನು ತುಳಿಯುವಷ್ಟರಲ್ಲಿ ತುಳಿಯುವ ಕಾಲವೇ ಕಳೆದಿರುತ್ತದೆ. ಸ್ವೀಡನ್ ದೇಶವು 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಪಾಡುವ ಉಕ್ಕಿನ ಚೌಕಟ್ಟನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಅನೇಕ ಟ್ರ್ಯಾಕ್ಟರುಗಳ ಮೇಲಿರುವುದು ಬಿಸಿಲಿಗೆಂದು ಹಾಕಿಸಿದ ತೆಳ್ಳನೆಯ ಹುಡ್ಡು. ಅದು ನೆರಳನ್ನು ಕೊಡುತ್ತದೆ, ಅಷ್ಟೇ.

ಪಂಜಾಬಿನಲ್ಲಿ ಮೂತಿ ಎತ್ತಿ ಟ್ರ್ಯಾಕ್ಟರನ್ನು ಕುಣಿಸುವುದೇ ಒಂದು ಪ್ರದರ್ಶನವಾಗಿ ಬೆಳೆದಿತ್ತು. 2023ರ ಅಕ್ಟೋಬರಿನಲ್ಲಿ ಗುರುದಾಸಪುರ ಜಿಲ್ಲೆಯ ಒಂದು ಕ್ರೀಡಾಮೇಳದಲ್ಲಿ ಅಂಥ ಕಸರತ್ತು ತೋರಿಸುತ್ತಿದ್ದ ತರುಣನೊಬ್ಬ ತನ್ನದೇ ಟ್ರ್ಯಾಕ್ಟರಿಗೆ ಸಿಕ್ಕು ಪ್ರಾಣ ಕಳೆದುಕೊಂಡ. ಅದಾದ ಕೆಲವೇ ದಿನಗಳಲ್ಲಿ ಅಲ್ಲಿನ ಸರ್ಕಾರ ಇಂಥ ಸಾಹಸಗಳನ್ನು ನಿಷೇಧಿಸಿತು. ಆದರೆ ಆ ದೃಶ್ಯಗಳು ಮೊಬೈಲುಗಳಲ್ಲಿ ಜೀವಂತವಾಗಿವೆ. ನಮ್ಮ ಹುಡುಗರು ಅವನ್ನೇ ನೋಡಿ ಕಲಿಯುತ್ತಾರೆ.

ನಮ್ಮ ಭಾಗದ ಜಾತ್ರೆಗಳಲ್ಲಿ ಶರ್ಯತ್ತುಗಳು ಹೊಸವಲ್ಲ. ಎತ್ತಿನ ಗಾಡಿಯ ಓಟ, ಭಾರದ ಕಲ್ಲು ಎಳೆಯುವ ಪಂದ್ಯ ತಲೆತಲಾಂತರದಿಂದ ಬಂದವು. ಟ್ರೇಲರು ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಯೂ ಈಚೆಗೆ ಸೇರಿದೆ. ಅದರಲ್ಲಿ ನನಗೇನೂ ತಕರಾರಿಲ್ಲ. ಎರಡು ಗಾಲಿಯ ಟ್ರೇಲರನ್ನು ನೆಟ್ಟಗೆ ಹಿಂದಕ್ಕೆ ಒಯ್ಯುವುದು ನಿಜವಾದ ವಿದ್ಯೆ, ಕೈ ಚಳಕ ಬೇಕು. ಆದರೆ ಎತ್ತಿಗೂ ಯಂತ್ರಕ್ಕೂ ಒಂದು ಅಂತರವಿದೆ. ಮಿತಿಮೀರಿ ಹೊರೆ ಹೇರಿದರೆ ಎತ್ತು ಮಲಗಿಬಿಡುತ್ತದೆ. ಬಾರುಕೋಲಿಗೂ ಏಳುವುದಿಲ್ಲ. ಮಿತಿಯೆಂಬುದು ಅದರ ಮೈಯೊಳಗೇ ಇದೆ. ಯಂತ್ರದ ಮಿತಿ ಇರುವುದು ಒಂದು ಪುಟ್ಟ ಸೀಲಿನಲ್ಲಿ, ಇಲ್ಲವೇ ಕುಳಿತವನ ಕಾಲಿನಲ್ಲಿ.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿಗಾಗಿ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ; ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯು ಇಂಥ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಹೊಲದ ಬದುವಿನ ಮೇಲೆ ನಿಂತು ಪಂಪಿನ ಸೀಲನ್ನು ನೋಡುವ ಅಧಿಕಾರಿ ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಈ ಪ್ರಶ್ನೆ ಕೊನೆಗೆ ಅಂತಃಸಾಕ್ಷಿಯ ಅಂಗಳಕ್ಕೇ ಬಂದು ನಿಲ್ಲುತ್ತದೆ.

ಪವಿತ್ರ ಗ್ರಂಥದಲ್ಲಿ ಟ್ರ್ಯಾಕ್ಟರಿಲ್ಲ, ಎತ್ತು ಇದೆ. ವಿಮೋಚನಾಕಾಂಡದ 21ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಎತ್ತು ಹಾಯ್ದು ಒಬ್ಬನು ಸತ್ತರೆ ಅದರ ಒಡೆಯನು ನಿರಪರಾಧಿ. ಆದರೆ ಆ ಎತ್ತಿಗೆ ಹಾಯುವ ಚಾಳಿ ಇದೆಯೆಂದು ಮೊದಲೇ ತಿಳಿದಿದ್ದು, ಎಚ್ಚರಿಕೆ ಪಡೆದಿದ್ದು, ಅದನ್ನು ಕಟ್ಟಿಹಾಕದೆ ಬಿಟ್ಟಿದ್ದರೆ ಒಡೆಯನೇ ಹೊಣೆ, ಅದೂ ಪ್ರಾಣದಂಡಕ್ಕೆ ಗುರಿಯಾಗುವಷ್ಟು. ತಿಳಿದೂ ಬಿಟ್ಟವನಿಗೂ ತಿಳಿಯದೆ ಬಿಟ್ಟವನಿಗೂ ಇರುವ ಈ ಭೇದವನ್ನು ಮೂರು ಸಾವಿರ ವರ್ಷಗಳ ಹಿಂದಿನ ರೈತಾಪಿ ಸಮಾಜವೊಂದು ಎಷ್ಟು ಸ್ಪಷ್ಟವಾಗಿ ಕಂಡಿತ್ತು! ಮುಂದಿನ ಚಕ್ರ ಏಳುತ್ತದೆಂದು ಬಂಪರಿಗೆ ಕಲ್ಲು ಕಟ್ಟಿದವನು ತನ್ನ ಎತ್ತು ಹಾಯುತ್ತದೆಂದು ತಿಳಿದವನೇ ಅಲ್ಲವೇ?

ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣಕ್ಕೆ ವಿರುದ್ಧವಾದ ದೋಷಗಳಲ್ಲಿ ದುಡುಕನ್ನು ಎಣಿಸುತ್ತಾರೆ. ಅವರ ವಿವರಣೆ ನಮ್ಮ ಚಾಲಕರಿಗೂ ಅರ್ಥವಾಗುವಂತಿದೆ. ಮೇಲಿನಿಂದ ಕೆಳಗಿಳಿಯುವವನು ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯಬೇಕು; ಹಿಂದಿನದರ ನೆನಪು, ಇಂದಿನದರ ಅರಿವು, ಮುಂದಿನದರ ಊಹೆ, ಹಿರಿಯರ ಮಾತಿಗೆ ಕಿವಿಗೊಡುವ ವಿಧೇಯತೆ, ಇವೇ ಆ ಮೆಟ್ಟಿಲುಗಳು. ಅವನ್ನು ಬಿಟ್ಟು ಮನಸ್ಸಿನ ಆವೇಗಕ್ಕೆ ಸಿಕ್ಕವನು ಇಳಿಯುವುದಿಲ್ಲ, ಉರುಳುತ್ತಾನೆ. ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಕಬ್ಬಿನ ರಸ್ತೆಗಳಲ್ಲಿ.

ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳ ಕಾಲದಲ್ಲಿ, 2007ರ ಜೂನ್ ತಿಂಗಳಲ್ಲಿ, ವಲಸಿಗರ ಪಾಲನೆಗಾಗಿ ಇದ್ದ ಅಂದಿನ ವ್ಯಾಟಿಕನ್ ಮಂಡಳಿಯು ರಸ್ತೆಯ ಮೇಲಿನ ಜನರ ಪಾಲನಾಸೇವೆಯ ಬಗ್ಗೆ ಮಾರ್ಗಸೂಚಿಗಳನ್ನು ಹೊರಡಿಸಿ, ಅದರಲ್ಲಿ ಚಾಲಕರಿಗಾಗಿ ಹತ್ತು ಆಜ್ಞೆಗಳನ್ನೂ ಸೇರಿಸಿತು. ಪತ್ರಿಕೆಗಳು ಆಗ ಇದನ್ನು ತಮಾಷೆಯಾಗಿ ಬರೆದವು. ನನಗೇನೂ ತಮಾಷೆ ಕಾಣಲಿಲ್ಲ. ಮೊದಲನೆಯದು ಕೊಲ್ಲಬಾರದೆಂಬುದು. ಐದನೆಯದು, ವಾಹನವು ಅಧಿಕಾರದ, ದರ್ಪದ ಪ್ರದರ್ಶನವಾಗಬಾರದೆಂಬುದು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಐದನೆಯ ದೈವಾಜ್ಞೆಯ ವಿವರಣೆಯಲ್ಲಿ ಕುಡಿತದಿಂದಾಗಲಿ ವೇಗದ ಮೋಹದಿಂದಾಗಲಿ ತನಗೂ ಪರರಿಗೂ ರಸ್ತೆಯಲ್ಲಿ ಅಪಾಯ ತರುವವನ ತಪ್ಪು ಗಂಭೀರವಾದುದೆಂದು ಹೇಳುತ್ತದೆ.

ಇಷ್ಟೆಲ್ಲ ಬರೆದ ಮೇಲೂ ಎಲ್ಲ ತಪ್ಪನ್ನು ತರುಣರ ದರ್ಪದ ಮೇಲೆ ಹೊರಿಸಿದರೆ ಅನ್ಯಾಯವಾದೀತು. ಸಾಗಾಣಿಕೆಯ ಬಾಡಿಗೆ ಟನ್ನಿನ ಲೆಕ್ಕ. ಕಟಾವಿನ ಗ್ಯಾಂಗಿಗೆ ಮುಂಗಡ ಕೊಟ್ಟಾಗಿರುತ್ತದೆ, ಅದೂ ಸಾಲದ ಹಣವೇ. ಬ್ಯಾಂಕಿನ ಕಂತು ಕಬ್ಬಿನ ಬಿಲ್ಲಿಗಾಗಿ ಕಾಯುವುದಿಲ್ಲ. ಕಡಿದ ಕಬ್ಬು ಒಣಗಿದಂತೆ ತೂಕ ಇಳಿಯುತ್ತದೆ. ಎರಡು ಖೇಪಿನ ಹೊರೆಯನ್ನು ಒಂದೇ ಖೇಪಿನಲ್ಲಿ ಒಯ್ದರೆ ಡೀಸೆಲ್ ಉಳಿಯುತ್ತದೆ, ಸರದಿ ಉಳಿಯುತ್ತದೆ. ತೂಕದ ಕಟ್ಟೆಯಲ್ಲಿ ಹೆಚ್ಚಿನ ಹೊರೆಯನ್ನು ಪ್ರಶ್ನಿಸದೆ ಬರೆದುಕೊಳ್ಳುವವರಿಗೂ, ಹೆಚ್ಚು ಹೇರಿದಷ್ಟೂ ಲಾಭವೆಂಬ ಲೆಕ್ಕವನ್ನು ಕಟ್ಟಿದವರಿಗೂ ಈ ಪಾಪದಲ್ಲಿ ಪಾಲಿದೆ ಎಂದೇ ನನ್ನ ಅಭಿಪ್ರಾಯ. ಚಾಲಕನ ಕಾಲು ಕ್ಲಚ್ಚಿನ ಮೇಲಿದ್ದರೂ ಆ ಕಾಲನ್ನು ಎತ್ತಿಸುವ ಕೈಗಳು ಬೇರೆಡೆ ಇವೆ.

ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಮಾತು. ತಂದೆ ಇಲ್ಲ. ತಾಯಿಯ ಹೆಸರಿನ ಎರಡು ಎಕರೆಯ ಆಧಾರದ ಮೇಲೆ ಮಗ ಟ್ರ್ಯಾಕ್ಟರ್ ತಂದು ಎರಡು ಹಂಗಾಮು ಕಳೆದಿವೆ. ಕಳೆದ ವರ್ಷ ಮೂರನೆಯ ಹಂಗಾಮಿಗೆ ಮುಂಚೆ ಪಂಪನ್ನು ಏರಿಸಿ, ಕೊಂಡಿಯನ್ನೂ ಎತ್ತರಿಸಿ ಇಟ್ಟಿದ್ದ. ಜೊತೆಗೆ ಕೆಲಸಕ್ಕೆಂದು ಚಿಕ್ಕಪ್ಪನ ಮಗನನ್ನು ಕರೆತಂದಿದ್ದ; ಹದಿನಾರು ವರ್ಷದ ಹುಡುಗ, ಮಡ್‌ಗಾರ್ಡಿನ ಮೇಲೆ ಕುಳಿತು ಹಾಡು ಹಾಕುವುದೇ ಅವನ ಸಂಭ್ರಮ. ಪ್ರೋಕ್ಷಣೆಯ ಮುನ್ನಾದಿನ ತಾಯಿ ಒಬ್ಬರೇ ಗುರುನಿವಾಸಕ್ಕೆ ಬಂದರು.

“ತೀರ್ಥಾ ಹಾಕೂಕಿಂತ ಮೊದಲ ಅವಗ ನಾಕ ಮಾತ ಹೇಳ್ರಿ ಫಾದರ್. ನನ್ನ ಮಾತ ಕೇಳಂಗಿಲ್ಲ. ಏರಿನ್ಯಾಗ ಗಾಡಿ ಮೂತಿ ಎತ್ತತೈತಿ ಅಂತ ಮಂದಿ ಹೇಳ್ತಾರ. ಅಂವ ನಗತಾನ.”

ಮರುದಿನ ಹುಡುಗನನ್ನು ಕೂರಿಸಿಕೊಂಡು ಕೇಳಿದೆ. ಅವನು ತಲೆ ತಗ್ಗಿಸಲಿಲ್ಲ. “ಎಲ್ಲಾರೂ ಮಾಡಿಸ್ಯಾರ್ರಿ ಫಾದರ್. ನಾ ಒಬ್ಬನ ಮಾಡಿಸದಿದ್ರ ಹೊಲದಾಗ ಹುಗದು ಕುಂಡ್ರತೇನಿ. ದೇವರ ಮ್ಯಾಲ ಭಾರ ಹಾಕೇನ್ರಿ, ನೀವು ಪ್ರಾರ್ಥನಾ ಮಾಡ್ರಿ, ಏನೂ ಆಗಂಗಿಲ್ಲ.”

ದೇವರ ಮೇಲೆ ಭಾರ. ನಮ್ಮ ಜನರ ಅತ್ಯಂತ ಸುಂದರವಾದ ಈ ಮಾತು ಅಂದು ನನಗೆ ಕಸಿವಿಸಿ ಉಂಟುಮಾಡಿತು. ಮರುಭೂಮಿಯ ಶೋಧನೆಯಲ್ಲಿ ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ತುದಿಗೆ ಕರೆದೊಯ್ದು, ದೂತರು ಹಿಡಿದುಕೊಳ್ಳುತ್ತಾರೆ, ಧುಮುಕಿಬಿಡು ಎಂದು ಶಾಸ್ತ್ರವಚನವನ್ನೇ ಮುಂದಿಟ್ಟದ್ದನ್ನು ಮತ್ತಾಯನು ಬರೆದಿದ್ದಾನೆ. ಪ್ರಭು ಧುಮುಕಲಿಲ್ಲ. ತಂದೆಯಲ್ಲಿ ಅವರಿಗಿದ್ದ ವಿಶ್ವಾಸವೇನು ಕಡಿಮೆಯೇ? ದೇವರನ್ನು ಪರೀಕ್ಷೆಗೆ ಒಡ್ಡುವುದು ವಿಶ್ವಾಸವಲ್ಲವೆಂದು ಅವರು ಬಲ್ಲವರಾಗಿದ್ದರು. ಇದನ್ನೇ ಹುಡುಗನಿಗೆ ಹೇಳಿದೆ. ಅವನು ಕೇಳಿದ, ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಫ್ಲೈವೀಲಿನ ಲೆಕ್ಕವನ್ನೂ, ಮುಕ್ಕಾಲು ಸೆಕೆಂಡಿನ ಮಾತನ್ನೂ ಹೇಳಿದೆ. ಅದಕ್ಕೆ ಮಾತ್ರ ಅವನ ಮುಖ ಸ್ವಲ್ಪ ಬದಲಾಯಿತು. “ಮುಕ್ಕಾಲು ಸೆಕೆಂಡಾ?” ಎಂದು ಎರಡು ಸಲ ಕೇಳಿದ. ದೈವಶಾಸ್ತ್ರಕ್ಕಿಂತ ಗಣಿತ ಹೆಚ್ಚು ಕೆಲಸ ಮಾಡಿದ್ದನ್ನು ಕಂಡು ನನಗೆ ಒಳಗೊಳಗೇ ನಗೆ ಬಂತು.

ಪ್ರೋಕ್ಷಣೆಯನ್ನು ಒಂದು ವಾರ ಮುಂದೂಡಿದೆ. ಆಶೀರ್ವಾದವನ್ನು ಷರತ್ತಿನ ಮೇಲೆ ಕೊಡುವುದು ಸರಿಯೇ ಎಂದು ಗುರುಮಿತ್ರರೊಬ್ಬರು ಆಕ್ಷೇಪಿಸಿದರು. ಅವರ ಮಾತಿನಲ್ಲಿಯೂ ಅರ್ಥವಿಲ್ಲದಿಲ್ಲ. ಆದರೆ ತೀರ್ಥದ ಹನಿಗಳು ಒಡೆದ ಸೀಲಿಗೆ ಬದಲಿಯಾಗುತ್ತವೆ ಎಂಬ ಭಾವನೆಗೆ ನಾನು ಕೈಜೋಡಿಸಲಾರೆ.

ಭಾನುವಾರ ಬಲಿಪೂಜೆ ಮುಗಿದ ಮೇಲೆ ಟ್ರ್ಯಾಕ್ಟರ್ ಬಂತು. ಬಗ್ಗಿ ನೋಡಿದೆ, ಕೊಂಡಿ ಕೆಳಗಿನ ತೂತಿಗೆ ಇಳಿದಿತ್ತು. ಚಿಕ್ಕಪ್ಪನ ಮಗ ಮಡ್‌ಗಾರ್ಡಿನ ಮೇಲಿರಲಿಲ್ಲ, ಹಿಂದಿನಿಂದ ಸೈಕಲ್ಲಿನಲ್ಲಿ ಬಂದಿದ್ದ. ಪಂಪಿನ ವಿಷಯ ಕೇಳಿದಾಗ, “ಈ ಹಂಗಾಮ ಒಂದು ಮುಗೀಲಿ ಫಾದರ್, ಆಮ್ಯಾಲ ಇಳಸ್ತೇನಿ. ಕಾಲ ಮಾತ್ರ ಸಾವಕಾಶ ಬಿಡ್ತೇನಿ” ಎಂದ. ಪ್ರಾರ್ಥಿಸಿ ತೀರ್ಥ ಪ್ರೋಕ್ಷಿಸಿದೆ, ಯಂತ್ರಕ್ಕೂ ಅವನಿಗೂ ಆ ಚಿಕ್ಕವನಿಗೂ. ಖಾಲಿ ಟ್ರ್ಯಾಕ್ಟರು ಅಂಗಳದಿಂದ ಮೆಲ್ಲಗೆ ಹೊರಟಿತು. ತಾಯಿ ನನ್ನ ಪಕ್ಕದಲ್ಲಿಯೇ ನಿಂತಿದ್ದರು. ಅದು ರಸ್ತೆಗೆ ಏರುವ ದಿಬ್ಬದ ಬಳಿ ಬಂದಾಗ ಸೆರಗನ್ನು ಬಿಗಿಯಾಗಿ ಹಿಡಿದು ಅದರ ಮುಂದಿನ ಚಕ್ರಗಳನ್ನೇ ನೋಡುತ್ತಿದ್ದರು.